ಚಳಿ ರಷ್ಯದವರಿಗೆ ಇರಲಿಲ್ಲವೇ?

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದು ಕಳಿಸು ಎಂದು ಗೆಳೆಯ ಫೋನ್ ಮಾಡಿದಾಗ, ಎಲ್ಲರೂ ಶಾಲೆಯ ನೆನಪು ಬರೆಯುತ್ತಾರೆ, ನಾನು ಇಪ್ಪತ್ತು ವರ್ಷದಿಂದ ಬಾಕಿ ಉಳಿದಿರುವ ಒಂದು ಉತ್ತರ ಬರೆಯುತ್ತೇನೆ ಎಂದೆ. ಅವನಿಗೆ ಅರ್ಥವಾಗಲಿಲ್ಲ. ಇಲ್ಲಿ ವಿವರಿಸುತ್ತೇನೆ.

ಹತ್ತನೆಯ ತರಗತಿಯ ಕಿರುಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಯೊಂದು ಬಂದಿತ್ತು. ಎರಡನೆಯ ಮಹಾಯುದ್ಧದಲ್ಲಿ ರಷ್ಯದ ನೆಲದಲ್ಲಿ ಜರ್ಮನಿ ಸೋಲಲು ಕಾರಣವೇನು? ನಾನು ‘ರಷ್ಯದ ಭೀಕರ ಚಳಿಯೇ ಕಾರಣ’ ಎಂದು ಒಂದೇ ಸಾಲಿನಲ್ಲಿ ಬರೆದು ಮುಂದಿನ ಪ್ರಶ್ನೆಗೆ ಹೋದೆ. ಉತ್ತರ ಪತ್ರಿಕೆ ತಿರುಗಿ ಬಂದಾಗ ಒಂದು ಅಂಕ ಇತ್ತು. ಪಕ್ಕದಲ್ಲಿ ನಮ್ಮ ಇತಿಹಾಸದ ಗುರುಗಳು ಕೆಂಪು ಶಾಯಿಯಲ್ಲಿ ‘ಚಳಿ ರಷ್ಯದವರಿಗೆ ಇರಲಿಲ್ಲವೇ?’ ಎಂದು ಬರೆದಿದ್ದರು. ತರಗತಿ ಮುಗಿದ ಮೇಲೆ ಹೋಗಿ ಕೇಳಿದೆ. “ಹುಡುಕಿ ನೀನಾ ಹೇಳು” ಎಂದರು. ಆಗ ಹುಡುಕಲಿಲ್ಲ. ಬಾಗಲಕೋಟೆಯಲ್ಲಿ ಬಿ.ಇ. ಓದುವಾಗಲೂ ಹುಡುಕಲಿಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ, ಗೋದಾಮು ಮತ್ತು ಲಾರಿಗಳ ಲೆಕ್ಕ ಇಡುವ ಸಾಫ್ಟ್‌ವೇರ್ ಬರೆಯತೊಡಗಿದ ಮೇಲೆ ಈ ಯುದ್ಧದ ಪುಸ್ತಕಗಳು ಕೈಗೆ ಹತ್ತಿದವು. ಇದು ಲಾರಿ, ರೈಲು, ರೊಟ್ಟಿಗಳ ಯುದ್ಧವೂ ಆಗಿತ್ತು ಎಂಬುದು ತಿಳಿದದ್ದು ಆಗ.

ಮೊದಲು ಗಾತ್ರ ಹೇಳಬೇಕು. 1939ರ ಆಗಸ್ಟ್ 23ರಂದು ಜರ್ಮನಿ ಮತ್ತು ಸೋವಿಯತ್ ಒಕ್ಕೂಟ ಪರಸ್ಪರ ದಾಳಿ ಮಾಡುವುದಿಲ್ಲವೆಂದು ಒಪ್ಪಂದ ಮಾಡಿಕೊಂಡವು. ಪೋಲೆಂಡನ್ನು ಇಬ್ಬರೂ ಹಂಚಿಕೊಂಡರು. ಮರುವರ್ಷ ಡಿಸೆಂಬರ್ 18ಕ್ಕೆ ಹಿಟ್ಲರ್ ರಷ್ಯದ ಮೇಲಿನ ದಾಳಿಯ ಆದೇಶಕ್ಕೆ ಸಹಿ ಹಾಕಿದ. ಅದರ ಗುಪ್ತನಾಮ ಬಾರ್ಬರೋಸಾ. 1941ರ ಜೂನ್ 22, ಭಾನುವಾರ ನಸುಕಿನಲ್ಲಿ 30 ಲಕ್ಷಕ್ಕೂ ಹೆಚ್ಚು ಜರ್ಮನ್ ಸೈನಿಕರು ಗಡಿ ದಾಟಿದರು. ರುಮೇನಿಯಾ, ಫಿನ್ಲೆಂಡ್ ಮೊದಲಾದ ಮಿತ್ರ ಸೇನೆಗಳು ಬೇರೆ. ಟ್ಯಾಂಕುಗಳು 3,000ಕ್ಕೂ ಹೆಚ್ಚು, ಕುದುರೆಗಳು 6 ಲಕ್ಷಕ್ಕೂ ಹೆಚ್ಚು. ಸಿನಿಮಾದಲ್ಲಿ ನಾವು ನೋಡುವುದು ಟ್ಯಾಂಕುಗಳನ್ನು ಮಾತ್ರ. ಆದರೆ ಆ ಸೇನೆಯ ಬಹುಪಾಲು ರಷ್ಯಕ್ಕೆ ಹೋದದ್ದು ನಡೆದುಕೊಂಡು, ತೋಪುಗಳನ್ನೂ ಹಿಟ್ಟಿನ ಚೀಲಗಳನ್ನೂ ಕುದುರೆಗಾಡಿಗೆ ಕಟ್ಟಿಕೊಂಡು.

ದಾಳಿ ಮೂರು ದಿಕ್ಕಿಗೆ ಹರಡಿತ್ತು. ಉತ್ತರದ ಸೇನೆ ಲೆನಿನ್‌ಗ್ರಾಡ್ ಕಡೆಗೆ, ನಡುವಿನದು ಮಿನ್ಸ್ಕ್, ಸ್ಮೋಲೆನ್ಸ್ಕ್ ಮೂಲಕ ಮಾಸ್ಕೋ ಕಡೆಗೆ, ದಕ್ಷಿಣದ್ದು ಉಕ್ರೇನಿನ ಕೀವ್ ಕಡೆಗೆ. ದಾಳಿಯ ಸುಳಿವು ಸ್ಟಾಲಿನ್‌ಗೆ ಹಲವು ಕಡೆಯಿಂದ ಬಂದಿತ್ತು, ನಂಬಲಿಲ್ಲ. ಅದಕ್ಕೂ ಮೊದಲು 1937-38ರಲ್ಲಿ ತನ್ನದೇ ಸೇನೆಯ ಸಾವಿರಾರು ಅಧಿಕಾರಿಗಳನ್ನು ಸೆರೆಗೆ ತಳ್ಳಿದ್ದ, ಎಷ್ಟೋ ಮಂದಿಯನ್ನು ಗುಂಡಿಕ್ಕಿ ಕೊಲ್ಲಿಸಿದ್ದ. ಅದರ ಬೆಲೆ ತೆತ್ತವರು ಗಡಿಯಲ್ಲಿದ್ದ ಸಾಮಾನ್ಯ ಸಿಪಾಯಿಗಳು. ಸೆಪ್ಟೆಂಬರಿನಲ್ಲಿ ಕೀವ್ ಬಳಿ ಒಂದೇ ಸುತ್ತುವರಿಕೆಯಲ್ಲಿ 6 ಲಕ್ಷಕ್ಕೂ ಹೆಚ್ಚು ಸೋವಿಯತ್ ಸೈನಿಕರು ಸೆರೆಸಿಕ್ಕರೆಂದು ಜರ್ಮನ್ನರು ಸಾರಿದರು. ಆ ಶರತ್ಕಾಲದಲ್ಲಿ ಯಾರನ್ನು ಕೇಳಿದ್ದರೂ ರಷ್ಯ ಮುಗಿಯಿತು ಎಂದೇ ಹೇಳುತ್ತಿದ್ದರು. ಅಲ್ಲಿಯವರೆಗೆ ಚಳಿಗಾಲ ಬಂದಿರಲೇ ಇಲ್ಲ ಎಂಬುದನ್ನು ನೆನಪಿಡಬೇಕು.

ಈಗ ನಮ್ಮೂರಿನ ಮಾತು. ಕುಳಗೇರಿ ಕ್ರಾಸಿನಲ್ಲಿ ಬೆಳೆದವರಿಗೆ ದಾರಿಯ ಬೆಲೆ ಯಾರೂ ಕಲಿಸಬೇಕಾಗಿಲ್ಲ. ಹುಬ್ಬಳ್ಳಿ-ವಿಜಯಪುರ ರಸ್ತೆಯಲ್ಲಿ ಒಂದು ಲಾರಿ ಕೆಟ್ಟು ಅಡ್ಡ ನಿಂತರೆ ಸಂಜೆಯ ಬಸ್ಸು ರಾತ್ರಿಗೆ ಬರುತ್ತದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರಿನ ಹತ್ತಿರ ಹೆದ್ದಾರಿ ಬಂದಾದಾಗ ಹಾಲು, ತರಕಾರಿ, ಔಷಧಿಗೆ ಏನಾಯಿತೆಂದು ಎಲ್ಲರೂ ಕಂಡಿದ್ದೇವೆ. ಹಾಗೆಯೇ ಎರೆಭೂಮಿ. ಒಂದು ದೊಡ್ಡ ಮಳೆ ಬಿದ್ದ ಮೇಲೆ ಹೊಲದ ದಾರಿಗೆ ಚಕ್ಕಡಿ ಇಳಿಸಿದವರಿಗೆ ಗೊತ್ತು, ಗಾಲಿಗೆ ಮಣ್ಣು ಮೆತ್ತಿ ಮೆತ್ತಿ ಗಾಲಿಯೇ ಕಾಣದಂತಾಗುತ್ತದೆ, ಎತ್ತು ಮೊಣಕಾಲೂರುತ್ತದೆ. ಉಕ್ರೇನಿನ ನೆಲವೂ ಕಪ್ಪು. ಅವರ ಭಾಷೆಯಲ್ಲಿ ಅದರ ಹೆಸರೇ ಕಪ್ಪು ಮಣ್ಣು. ನಮ್ಮ ಎರೆ ಕರಿಗಲ್ಲು ಕರಗಿ ಆದದ್ದು, ಅವರದು ಸಾವಿರಾರು ವರ್ಷ ಹುಲ್ಲು ಕೊಳೆತು ಆದದ್ದು. ಹುಟ್ಟು ಬೇರೆ, ಆದರೆ ಮಳೆ ಬಿದ್ದಾಗ ಇಬ್ಬರ ಗುಣವೂ ಒಂದೇ. ಮಾಸ್ಕೋ ಸುತ್ತಲಿನದು ಎರೆಯಲ್ಲ, ಆದರೂ ರಾಡಿಗೆ ಕೊರತೆ ಇರಲಿಲ್ಲ. ವರ್ಷಕ್ಕೆರಡು ಸಲ ದಾರಿಗಳು ಕೆಸರಾಗುವ ಆ ಕಾಲಕ್ಕೆ ರಷ್ಯದವರಲ್ಲಿ ಬೇರೆ ಹೆಸರೇ ಇದೆ, ರಸ್ಪುತಿತ್ಸ. 1941ರ ಅಕ್ಟೋಬರಿನಲ್ಲಿ ಮಾಸ್ಕೋ ಕಡೆ ಹೊರಟ ಜರ್ಮನ್ ಲಾರಿಗಳು ಅದರಲ್ಲಿ ಹೂತುಕೊಂಡವು. ಟ್ಯಾಂಕು ಹೇಗೋ ಹೋಗುತ್ತಿತ್ತು, ಅದಕ್ಕೆ ಎಣ್ಣೆ ತರುವ ಗಾಡಿ ಹೋಗುತ್ತಿರಲಿಲ್ಲ.

ರೈಲಿನದು ಇನ್ನೊಂದು ಕಥೆ. ನಾನು ಸಣ್ಣವನಿದ್ದಾಗ ಬಾದಾಮಿ ಸ್ಟೇಷನ್ನಿನಲ್ಲಿ ಮೀಟರ್ ಗೇಜ್ ಹಳಿ ಇತ್ತು. ಹಳಿಯ ಅಗಲ ಬೇರೆಯಾದರೆ ಒಂದು ಕಡೆಯ ಗಾಡಿ ಇನ್ನೊಂದು ಕಡೆ ಓಡುವುದಿಲ್ಲ ಎಂಬುದು ನಮ್ಮ ಭಾಗದ ಹಿರಿಯರಿಗೆ ಹೊಸದಲ್ಲ. ಜರ್ಮನ್ ಹಳಿಯ ಅಗಲ 1,435 ಮಿಲಿಮೀಟರ್. ರಷ್ಯದ್ದು ಅದಕ್ಕಿಂತ ಸುಮಾರು 9 ಸೆಂಟಿಮೀಟರ್ ಹೆಚ್ಚು. ಒಂದು ಹಳಿಯನ್ನು ಕಿತ್ತು ಒಳಗೆ ಸರಿಸಿದರೆ ಮುಗಿಯಿತಲ್ಲ ಎನ್ನಬಹುದು. ಹಳಿ ಸರಿಸಿದರು ಕೂಡ. ಆದರೆ ರಷ್ಯದ ಎಂಜಿನ್ನುಗಳು ದೊಡ್ಡವು, ಒಮ್ಮೆ ನೀರು ತುಂಬಿಕೊಂಡರೆ ದೂರ ಹೋಗುತ್ತಿದ್ದವು, ಆದ್ದರಿಂದ ನೀರಿನ ತೊಟ್ಟಿಗಳಿದ್ದ ನಿಲ್ದಾಣಗಳೂ ದೂರ ದೂರ. ಜರ್ಮನ್ ಎಂಜಿನ್ನು ಅಷ್ಟು ದೂರ ಓಡಲಾರದು. ನಡುವೆ ಹೊಸ ತೊಟ್ಟಿ ಕಟ್ಟಬೇಕು. ಗಡಿಯಿಂದ ಮಾಸ್ಕೋಗೆ ಸುಮಾರು ಸಾವಿರ ಕಿಲೋಮೀಟರ್, ಅಂದರೆ ನಮ್ಮ ಕ್ರಾಸಿನಿಂದ ಬೆಂಗಳೂರಿಗೆ ಹೋಗಿ ತಿರುಗಿ ಬಂದಷ್ಟು. ಅಷ್ಟು ದೂರಕ್ಕೆ ದಿನವೂ ಮದ್ದು, ಎಣ್ಣೆ, ಹಿಟ್ಟು ಸಾಗಿಸುವ ಯೋಜನೆಯನ್ನು ಯುದ್ಧ ಕೆಲವೇ ತಿಂಗಳಲ್ಲಿ ಮುಗಿಯುತ್ತದೆ ಎಂಬ ಲೆಕ್ಕದ ಮೇಲೆ ಕಟ್ಟಿದ್ದರು. ನಮ್ಮ ಕೆಲಸದಲ್ಲಿ ಇಂಥ ಯೋಜನೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಎಲ್ಲವೂ ಸರಿಯಾಗಿ ನಡೆದರೆ ಮಾತ್ರ ಸರಿಯಾಗುವ ಯೋಜನೆಗಳು.

ಚಳಿ ಬಂದದ್ದು ಇದೆಲ್ಲ ಆದ ಮೇಲೆ. ಮದ್ದು ಎಣ್ಣೆಗೆ ರೈಲು ಸಾಲದೆ ಚಳಿಗಾಲದ ಬಟ್ಟೆಗಳು ಹಿಂದೆ ಉಳಿದವು. ಜರ್ಮನ್ ಎಂಜಿನ್ನುಗಳ ನೀರಿನ ಕೊಳವೆಗಳು ಬಾಯ್ಲರಿನ ಹೊರಗಿದ್ದವು, ಹೆಪ್ಪುಗಟ್ಟಿ ಒಡೆದವು. ರಷ್ಯದ ಸಿಪಾಯಿಗೂ ಅದೇ ಚಳಿ. ಆದರೆ ಅವನ ಕಾಲಲ್ಲಿ ಉಣ್ಣೆ ಬಡಿದು ಮಾಡಿದ ದಪ್ಪ ಬೂಟು ಇತ್ತು, ಬೆನ್ನ ಹಿಂದೆ ಮಾಸ್ಕೋ ಎಂಬ ದೊಡ್ಡ ರೈಲು ಜಂಕ್ಷನ್ ಇತ್ತು. ಜರ್ಮನ್ನರು ಮುಂದೆ ಬಂದಷ್ಟೂ ಅವರ ದಾರಿ ಉದ್ದವಾಯಿತು, ರಷ್ಯದವರದು ಗಿಡ್ಡವಾಯಿತು. ನವೆಂಬರ್ 7ರಂದು ಶತ್ರು ಬಾಗಿಲಲ್ಲಿರುವಾಗಲೇ ಮಾಸ್ಕೋದ ಕೆಂಪು ಚೌಕದಲ್ಲಿ ಪರೇಡು ನಡೆಯಿತು. ಪರೇಡಿನಲ್ಲಿದ್ದವರಲ್ಲಿ ಅನೇಕರು ಅಲ್ಲಿಂದ ನೇರವಾಗಿ ರಣರಂಗಕ್ಕೆ ನಡೆದರು. ಜಪಾನು ಸೈಬೀರಿಯಾದ ಮೇಲೆ ಬೀಳುವುದಿಲ್ಲ ಎಂಬ ಸುದ್ದಿಯನ್ನು ಟೋಕಿಯೋದಲ್ಲಿದ್ದ ಗೂಢಚಾರ ರಿಚರ್ಡ್ ಸೋರ್ಗೆ ಕಳಿಸಿದ್ದ. ಪೂರ್ವದ ಪಡೆಗಳು ಮಾಸ್ಕೋಗೆ ಬಂದವು. ಡಿಸೆಂಬರ್ 5ಕ್ಕೆ ಝುಕೋವ್ ನೇತೃತ್ವದಲ್ಲಿ ಪ್ರತಿದಾಳಿ ಶುರುವಾಗಿ ಜರ್ಮನ್ನರು ಹಿಂದೆ ಸರಿದರು.

ಇದರ ಹಿಂದೆಯೇ ಇನ್ನೊಂದು ಕೆಲಸ ನಡೆದಿತ್ತು. ಆ ವರ್ಷದ ಜುಲೈಯಿಂದ ಡಿಸೆಂಬರ್‌ವರೆಗೆ 1,500ಕ್ಕೂ ಹೆಚ್ಚು ದೊಡ್ಡ ಕಾರ್ಖಾನೆಗಳನ್ನು ಬಿಚ್ಚಿ, ರೈಲಿಗೆ ಹೇರಿ, ಉರಾಲ್ ಪರ್ವತದ ಕಡೆಗೂ ಅದರಾಚೆಗೂ ಒಯ್ದು ಮತ್ತೆ ಜೋಡಿಸಿದರು. ಕೆಲವು ಕಡೆ ಮೇಲೆ ಸೂರಿಲ್ಲದೆ ಯಂತ್ರ ತಿರುಗತೊಡಗಿತು. ತಿರುಗಿಸಿದವರಲ್ಲಿ ಹೆಂಗಸರು, ಶಾಲೆ ಬಿಟ್ಟ ಮಕ್ಕಳು ಬಹಳ. ಮುಂದಿನ ವರ್ಷ ಸೋವಿಯತ್ ಟ್ಯಾಂಕುಗಳು ಜರ್ಮನಿಯದಕ್ಕಿಂತ ಎಷ್ಟೋ ಹೆಚ್ಚು ಹೊರಬಂದದ್ದು ಹೀಗೆ.

ಲೆನಿನ್‌ಗ್ರಾಡಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಇದು ಒಕ್ಕಲುತನದ ಊರಿನವರು ತಿಳಿಯಬೇಕಾದ ಸಂಗತಿ. 1941ರ ಸೆಪ್ಟೆಂಬರ್ 8ರಂದು ಮುತ್ತಿಗೆ ಬಿತ್ತು, 1944ರ ಜನವರಿ 27ಕ್ಕೆ ಪೂರ್ತಿ ತೆರವಾಯಿತು. 872 ದಿನ. ಊರನ್ನು ಗೆಲ್ಲುವುದಲ್ಲ, ಉಪವಾಸ ಕೆಡವುವುದೇ ಉದ್ದೇಶ. ಆ ಮೊದಲ ಚಳಿಗಾಲದಲ್ಲಿ ಕೂಲಿ ಕೆಲಸದವರಲ್ಲದವರಿಗೆ, ಮಕ್ಕಳಿಗೂ ಸೇರಿ, ದಿನದ ಪಾಲು 125 ಗ್ರಾಂ ಬ್ರೆಡ್. ಅದರಲ್ಲೂ ಹಿಟ್ಟಿಗಿಂತ ಬೇರೆಯದೇ ಹೆಚ್ಚು. ನಮ್ಮ ಮನೆಯ ಒಂದು ದೊಡ್ಡ ಜೋಳದ ರೊಟ್ಟಿಯ ತೂಕವೂ ಅಲ್ಲ ಅದು. ಹೆಪ್ಪುಗಟ್ಟಿದ ಲಡೋಗ ಸರೋವರದ ಮೇಲೆ ಲಾರಿಗಳು ಹಿಟ್ಟು ತಂದವು, ಜನರನ್ನು ಹೊರಗೆ ಸಾಗಿಸಿದವು. ಇಲ್ಲಿ ನೋಡಿ, ಚಳಿ ರಷ್ಯದವರನ್ನು ಕೊಂದಿತು, ಅದೇ ಚಳಿ ಅವರಿಗೆ ದಾರಿಯನ್ನೂ ಮಾಡಿಕೊಟ್ಟಿತು. ಮಂಜು ಗಟ್ಟಿಯಾಗದಿದ್ದರೆ ಲಾರಿ ಓಡುತ್ತಿರಲಿಲ್ಲ.

ಆ ಊರಿನಲ್ಲಿ ಒಂದು ಬೀಜದ ಸಂಸ್ಥೆ ಇತ್ತು. ನಿಕೊಲಾಯ್ ವಾವಿಲೋವ್ ಎಂಬ ವಿಜ್ಞಾನಿ ಪ್ರಪಂಚವೆಲ್ಲ ಸುತ್ತಿ ಕೂಡಿಸಿದ ಗೋಧಿ, ಭತ್ತ, ಬಟಾಣಿ, ಆಲೂಗಡ್ಡೆ, ಶೇಂಗಾ ತಳಿಗಳು ಅಲ್ಲಿದ್ದವು. ಕಾಳಿನ ಚೀಲಗಳ ನಡುವೆ ಕುಳಿತ ಸಿಬ್ಬಂದಿ ಅದನ್ನು ತಿನ್ನಲಿಲ್ಲ. ಹಲವರು ಹಸಿವಿನಿಂದ ಸತ್ತರು. ಭತ್ತದ ತಳಿಗಳನ್ನು ನೋಡಿಕೊಳ್ಳುತ್ತಿದ್ದ ದ್ಮಿತ್ರಿ ಇವಾನೋವ್ ಭತ್ತದ ಪೊಟ್ಟಣಗಳ ನಡುವೆ ಸತ್ತ. ಶೇಂಗಾ ನೋಡಿಕೊಳ್ಳುತ್ತಿದ್ದ ಅಲೆಕ್ಸಾಂಡರ್ ಶ್ಚುಕಿನ್ ಕೂಡ ಹಾಗೆಯೇ. ಇದನ್ನು ಊರಿಗೆ ಬಂದಾಗ ಅಪ್ಪನಿಗೆ ಹೇಳಿದೆ. ಬಿತ್ತುವ ಬೀಜ ತಿನ್ನಬಾರದು ಅಂತ ನಮ್ಮ ಅಜ್ಜನೂ ಬರಗಾಲದಾಗ ಹಂಗಾ ಮಾಡಿದ್ದ ಎಂದು ಹೇಳಿ, ಸ್ವಲ್ಪ ಹೊತ್ತು ಬಿಟ್ಟು, “ಆದರ ಸಾಯೂತನಾ ಅಲ್ಲ” ಎಂದರು. ವಾವಿಲೋವ್ ಆಗ ಅಲ್ಲಿರಲಿಲ್ಲ. 1940ರಲ್ಲೇ ಸ್ಟಾಲಿನ್‌ನ ಪೊಲೀಸರು ಅವನನ್ನು ಹಿಡಿದಿದ್ದರು. 1943ರ ಜನವರಿಯಲ್ಲಿ ಸರಾತೋವ್ ಸೆರೆಮನೆಯಲ್ಲಿ ಅವನೂ ತೀರಿಕೊಂಡ. ಪ್ರಪಂಚದ ಹಸಿವು ನೀಗಿಸಲು ಬೀಜ ಕೂಡಿಸಿದವನಿಗೆ ಬಂದ ಗತಿ.

ಸ್ಟಾಲಿನ್‌ಗ್ರಾಡ್ ಎಲ್ಲರೂ ಕೇಳಿದ ಹೆಸರು. 1942ರ ಜೂನ್ 28ಕ್ಕೆ ಜರ್ಮನ್ನರು ದಕ್ಷಿಣಕ್ಕೆ ಹೊರಟದ್ದು ಕಾಕಸಸ್‌ನ ಎಣ್ಣೆ ಬಾವಿಗಳಿಗಾಗಿ. ವೋಲ್ಗಾ ನದಿಯ ದಂಡೆಯ ಈ ಉದ್ದನೆಯ ಊರು ದಾರಿಯಲ್ಲಿ ಸಿಕ್ಕಿತು. ಆಗಸ್ಟ್ 23ರ ಬಾಂಬು ದಾಳಿಯಲ್ಲಿ ಊರು ಹೊತ್ತಿ ಉರಿಯಿತು. ಚುಯ್ಕೋವ್ ನೇತೃತ್ವದ 62ನೆಯ ಸೇನೆ ನದಿಗೆ ಬೆನ್ನು ಹಚ್ಚಿ ಮನೆ ಮನೆಗೆ, ಮಹಡಿ ಮಹಡಿಗೆ ಕಾದಿತು. ಜುಲೈ ಕೊನೆಯಲ್ಲಿ ಸ್ಟಾಲಿನ್ ಹೊರಡಿಸಿದ ಆದೇಶದಂತೆ, ಅಪ್ಪಣೆಯಿಲ್ಲದೆ ಹಿಂದೆ ಸರಿದವರಿಗೆ ತಮ್ಮವರ ಗುಂಡೇ ಕಾದಿತ್ತು. ಅದನ್ನು ಮುಚ್ಚಿಟ್ಟು ಬರೀ ವೀರಗಾಥೆ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ನವೆಂಬರ್ 19ರಂದು ಸೋವಿಯತ್ ಪಡೆಗಳು ಊರೊಳಗಿನ ಜರ್ಮನ್ನರನ್ನು ಬಿಟ್ಟು, ಅವರ ಎರಡೂ ಮಗ್ಗುಲಲ್ಲಿ ನಿಂತಿದ್ದ ಬಡಪಾಯಿ ರುಮೇನಿಯನ್ ಸೇನೆಗಳ ಮೇಲೆ ಬಿದ್ದವು. ನಾಲ್ಕೇ ದಿನದಲ್ಲಿ ಎರಡು ಬದಿಯ ಪಡೆಗಳು ಹಿಂದೆ ಕೂಡಿಕೊಂಡವು. ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಒಳಗೆ ಸಿಕ್ಕಿಬಿದ್ದರು.

ಆಗ ಜರ್ಮನ್ ವಾಯುಸೇನೆಯ ಮುಖ್ಯಸ್ಥ ಗೋರಿಂಗ್, ಎಲ್ಲವನ್ನೂ ವಿಮಾನದಲ್ಲೇ ಮುಟ್ಟಿಸುತ್ತೇನೆ ಎಂದ. ದಿನಕ್ಕೆ ಕನಿಷ್ಠ 300 ಟನ್ ಬೇಕಿತ್ತು. ಸರಾಸರಿ ತಲುಪಿದ್ದು ಅದರ ಅರ್ಧಕ್ಕೂ ಕಡಿಮೆ. ಮೀಟಿಂಗಿನಲ್ಲಿ ‘ಆಗುತ್ತದೆ ಸರ್’ ಎಂದು ಬಿಟ್ಟು ಆಮೇಲೆ ತಂಡವನ್ನು ಮುಳುಗಿಸುವವರನ್ನು ಕಂಡ ನನ್ನಂಥವರಿಗೆ ಗೋರಿಂಗ್ ಬಹಳ ಪರಿಚಿತ. ಒಳಗಿದ್ದವರು ಕುದುರೆಗಳನ್ನು ತಿಂದು ಮುಗಿಸಿದರು. ಹಿಟ್ಲರ್ ಸೇನಾಪತಿ ಪೌಲುಸ್‌ನನ್ನು 1943ರ ಜನವರಿ 30ಕ್ಕೆ ಫೀಲ್ಡ್ ಮಾರ್ಷಲ್ ಮಾಡಿದ. ಆ ಹುದ್ದೆಯವರು ಅದುವರೆಗೆ ಶರಣಾಗಿರಲಿಲ್ಲ, ಸಾಯಿ ಎಂಬುದೇ ಅದರ ಅರ್ಥ. ಪೌಲುಸ್ ಮರುದಿನ ಶರಣಾದ. ಫೆಬ್ರುವರಿ 2ಕ್ಕೆ ಎಲ್ಲ ಮುಗಿಯಿತು. ಸೆರೆಸಿಕ್ಕ ಸುಮಾರು 91,000 ಜನರಲ್ಲಿ ಜರ್ಮನಿಗೆ ಜೀವಂತ ತಿರುಗಿದವರು ಐದಾರು ಸಾವಿರ.

ಆಮೇಲಿನದು ಕುರ್ಸ್ಕ್. 1943ರ ಜುಲೈ 5ಕ್ಕೆ ಶುರುವಾದ ಟ್ಯಾಂಕುಗಳ ಮಹಾಕಾಳಗ. ರಷ್ಯದವರು ಮೊದಲೇ ಸುಳಿವು ತಿಳಿದು ಸಾಲು ಸಾಲಾಗಿ ಕಂದಕ ತೋಡಿ, ನೆಲಬಾಂಬು ಹೂತು ಕಾದಿದ್ದರು. ಗುರುಗಳಿಗೆ ವಿಶೇಷವಾಗಿ ಹೇಳಬೇಕಾದದ್ದು ಇಲ್ಲಿದೆ. ಇದು ನಡೆದದ್ದು ಸುಡುಬೇಸಿಗೆಯಲ್ಲಿ. ಚಳಿಯ ಹಂಗಿಲ್ಲದೆ ಜರ್ಮನ್ನರು ಸೋತರು. ಅದಾದ ಮೇಲೆ ಪೂರ್ವದಲ್ಲಿ ಅವರು ಅಂಥ ದೊಡ್ಡ ದಾಳಿ ಮಾಡಲೇ ಇಲ್ಲ.

ನಮ್ಮ ದೇಶದವರಿಗೂ ಈ ಯುದ್ಧಕ್ಕೂ ಸಂಬಂಧವಿತ್ತೇ ಎಂದು ಹುಡುಕಿದಾಗ ಸಿಕ್ಕದ್ದು ಮತ್ತೆ ಲಾರಿಗಳೇ. 1941ರ ಆಗಸ್ಟ್ 25ರಂದು ಬ್ರಿಟಿಷರು ದಕ್ಷಿಣದಿಂದ, ರಷ್ಯದವರು ಉತ್ತರದಿಂದ ಇರಾನಿಗೆ ನುಗ್ಗಿದರು. ಬ್ರಿಟಿಷರ ಪಡೆಯಲ್ಲಿ ಭಾರತೀಯ ಡಿವಿಜನ್‌ಗಳಿದ್ದವು. ಇರಾನಿನವರನ್ನು ಯಾರೂ ಕೇಳಲಿಲ್ಲ ಎಂಬುದೂ ನಿಜ. ಆಮೇಲೆ ಅಮೆರಿಕ, ಬ್ರಿಟನ್ ಕಳಿಸಿದ ಸಾಮಾನು ಆ ದೇಶದ ಬೆಟ್ಟ, ಮರಳುಗಾಡು ದಾಟಿ ರಷ್ಯಕ್ಕೆ ಹೋಯಿತು. ರಷ್ಯಕ್ಕೆ ಹೊರಗಿನಿಂದ ಬಂದ ಲಾರಿ, ಜೀಪುಗಳೇ ಸುಮಾರು 4 ಲಕ್ಷ. ಸಾಮಾನು ಸಾಗಿಸಿದವರಲ್ಲಿ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್‌ನ ನಮ್ಮ ಸಿಪಾಯಿಗಳೂ ಇದ್ದರು. ಅವರ ಪೈಕಿ ಸುಬೇದಾರ್ ನಾರಾಯಣ ರಾವ್ ನಿಕ್ಕಂ ಮತ್ತು ಹವಾಲ್ದಾರ್ ಗಜೇಂದ್ರ ಸಿಂಗ್ ಚಂದ್ ಇಬ್ಬರಿಗೆ 1944ರ ಮೇ 23ರ ಆದೇಶದಲ್ಲಿ ಸೋವಿಯತ್ ಸರ್ಕಾರ ಕೆಂಪು ನಕ್ಷತ್ರ ಪದಕ ಕೊಟ್ಟಿತು. 2020ರಲ್ಲಿ ಮಾಸ್ಕೋದ ವಿಜಯೋತ್ಸವ ಪರೇಡಿಗೆ ಭಾರತದ ಮೂರೂ ಪಡೆಗಳಿಂದ 75 ಜನರ ತುಕಡಿ ಹೋದಾಗ ಈ ಹೆಸರುಗಳು ಮತ್ತೆ ಹೊರಬಂದವು. ಬೆಳಗಾವಿಯ ಮರಾಠಾ ಪದಾತಿ ದಳದವರು ಇಟಲಿಯಲ್ಲಿ ಜರ್ಮನ್ನರ ಜೊತೆ ಕಾದಿ ಎರಡು ವಿಕ್ಟೋರಿಯಾ ಕ್ರಾಸ್ ತಂದದ್ದು ನಮ್ಮ ಭಾಗದಲ್ಲಿ ಕೆಲವರಿಗಾದರೂ ಗೊತ್ತು. ಲಾರಿ ಓಡಿಸಿದವರ ಹೆಸರು ಹೇಳುವವರಿಲ್ಲ. ಲಾರಿ ನೋಡುತ್ತಲೇ ಬೆಳೆದ ನನಗೆ ಅದು ಸ್ವಲ್ಪ ನೋವಿನ ವಿಷಯ.

1944ರ ಜೂನ್ ಕೊನೆಗೆ, ಬಾರ್ಬರೋಸಾ ಶುರುವಾಗಿ ಮೂರು ವರ್ಷ ತುಂಬುವಾಗ, ಬೆಲಾರೂಸಿನಲ್ಲಿ ಸೋವಿಯತ್ ಪಡೆ ಬಗ್ರತಿಯೋನ್ ಎಂಬ ದಾಳಿ ಮಾಡಿ ಜರ್ಮನಿಯ ನಡುವಿನ ಸೇನೆಯನ್ನು ಪುಡಿ ಮಾಡಿತು. ಜರ್ಮನ್ನರ ಮಟ್ಟಿಗೆ ಇದು ಸ್ಟಾಲಿನ್‌ಗ್ರಾಡಿಗಿಂತ ದೊಡ್ಡ ಸೋಲು, ಆದರೂ ನಮ್ಮ ಪುಸ್ತಕಗಳಲ್ಲಿ ಇದರ ಹೆಸರಿಲ್ಲ. ಇದರ ಮುಖ್ಯ ಸೇನಾನಿಗಳಲ್ಲಿ ಒಬ್ಬನಾದ ರೊಕೊಸೊವ್ಸ್ಕಿ, ಸ್ಟಾಲಿನ್‌ನದೇ ಸೆರೆಮನೆಯಲ್ಲಿ ಚಿತ್ರಹಿಂಸೆ ಅನುಭವಿಸಿ ಹೊರಬಂದವನು. ಜುಲೈ 17ರಂದು ಸುಮಾರು 57,000 ಜರ್ಮನ್ ಸೆರೆಯಾಳುಗಳನ್ನು ಮಾಸ್ಕೋ ಬೀದಿಗಳಲ್ಲಿ ನಡೆಸಿದರು. ಹಿಂದಿನಿಂದ ನೀರಿನ ಗಾಡಿಗಳು ಬೀದಿ ತೊಳೆಯುತ್ತ ಬಂದವು. 1945ರ ಏಪ್ರಿಲ್ 16ಕ್ಕೆ ಬರ್ಲಿನ್ ಮೇಲಿನ ದಾಳಿ ಆರಂಭವಾಯಿತು, 30ರಂದು ಹಿಟ್ಲರ್ ಆತ್ಮಹತ್ಯೆ ಮಾಡಿಕೊಂಡ, ಮೇ 2ಕ್ಕೆ ಊರು ಶರಣಾಯಿತು.

ಸತ್ತವರ ಲೆಕ್ಕ ಬರೆಯದೆ ಉತ್ತರ ಮುಗಿಯುವುದಿಲ್ಲ. ಸೋವಿಯತ್ ಒಕ್ಕೂಟದಲ್ಲಿ ಸುಮಾರು 2 ಕೋಟಿ 70 ಲಕ್ಷ ಜನ. ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಸೈನಿಕರಲ್ಲ. ಜರ್ಮನ್ನರ ಕೈಗೆ ಸೆರೆಸಿಕ್ಕ ಸುಮಾರು 57 ಲಕ್ಷ ಸೈನಿಕರಲ್ಲಿ 33 ಲಕ್ಷದಷ್ಟು ಮಂದಿ ಸತ್ತರು, ಬಹುಪಾಲು ಹಸಿವು, ರೋಗ, ಬಯಲ ಬೇಲಿಯೊಳಗಿನ ಚಳಿಯಿಂದ. ದಾಳಿಗೆ ಮೊದಲೇ, 1941ರ ಮೇ ತಿಂಗಳಲ್ಲಿ, ಬರ್ಲಿನ್ನಿನ ಅಧಿಕಾರಿಗಳು ಕೂತು ಲೆಕ್ಕ ಹಾಕಿದ್ದರು. ಉಕ್ರೇನಿನ ಕಾಳು ಜರ್ಮನ್ ಸೇನೆಗೆ, ಜರ್ಮನಿಗೆ. ಅಲ್ಲಿಯ ಕೋಟ್ಯಂತರ ಜನ ಸಾಯುತ್ತಾರೆ ಎಂಬುದು ಆ ಲೆಕ್ಕದಲ್ಲೇ ಇತ್ತು. ಸೇನೆಯ ಬೆನ್ನಿಗೇ ಬಂದ ಕೊಲೆಗಡುಕ ತುಕಡಿಗಳು ಊರೂರಿನ ಯೆಹೂದಿಗಳನ್ನು ಹಳ್ಳಕ್ಕೆ ನಿಲ್ಲಿಸಿ ಕೊಂದವು. ಕೀವ್ ಬಳಿಯ ಬಾಬಿ ಯಾರ್ ಎಂಬಲ್ಲಿ 1941ರ ಸೆಪ್ಟೆಂಬರ್ 29, 30, ಎರಡೇ ದಿನಗಳಲ್ಲಿ 33,771 ಜನ. ಆ ಸಂಖ್ಯೆ ಕೊಂದವರೇ ಬರೆದಿಟ್ಟುಕೊಂಡದ್ದು. ಗುರುಗಳೇ, ನಾನು ‘ಚಳಿ’ ಎಂದು ಒಂದು ಮಾತಿನಲ್ಲಿ ಬರೆದಾಗ ಇವರೆಲ್ಲ ನನ್ನ ಉತ್ತರದ ಹೊರಗೆ ಉಳಿದಿದ್ದರು. ಆ ಒಂದು ಅಂಕವನ್ನೂ ನೀವು ಕೊಡಬೇಕಾಗಿರಲಿಲ್ಲ.

ಖಾರ್ಕೋವ್ ಎಂಬ ಊರನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡೆ. 1941ರ ಅಕ್ಟೋಬರಿನಲ್ಲಿ ಜರ್ಮನ್ನರು ಅದನ್ನು ಹಿಡಿದರು. 1942ರ ಮೇ ತಿಂಗಳಲ್ಲಿ ಬಿಡಿಸಲು ಹೋದ ಸೋವಿಯತ್ ಸೇನೆ ತಾನೇ ಸುತ್ತುವರಿಕೆಗೆ ಸಿಕ್ಕಿತು. 1943ರ ಫೆಬ್ರುವರಿಯಲ್ಲಿ ಬಿಡಿಸಿಕೊಂಡರು, ಮಾರ್ಚಿನಲ್ಲಿ ಕಳೆದುಕೊಂಡರು, ಆಗಸ್ಟ್ 23ಕ್ಕೆ ಮತ್ತೆ ಪಡೆದರು. ಒಂದೇ ಊರು ಎರಡು ವರ್ಷದಲ್ಲಿ ನಾಲ್ಕು ಸಲ ಕೈಬದಲಾಯಿತು. ಈಗ ಅದನ್ನು ಖಾರ್ಕಿವ್ ಎನ್ನುತ್ತಾರೆ. 2022ರ ಮಾರ್ಚ್ 1ರಂದು ಆಫೀಸಿನಲ್ಲಿ ಕೂತಿದ್ದಾಗ ಆ ಹೆಸರು ಮೊಬೈಲಿನಲ್ಲಿ ಬಂತು. ಆಗ ಅಲ್ಲಿ ಯುದ್ಧ ರಷ್ಯಕ್ಕೂ ಉಕ್ರೇನಿಗೂ, 1943ರಲ್ಲಿ ಒಟ್ಟಿಗೆ ನಿಂತು ಆ ಊರನ್ನು ಬಿಡಿಸಿದ್ದವರ ಮೊಮ್ಮಕ್ಕಳ ನಡುವೆ. ಸತ್ತವನು ನಮ್ಮ ಹಾವೇರಿ ಜಿಲ್ಲೆಯ ಹುಡುಗ, ವೈದ್ಯಕೀಯ ವಿದ್ಯಾರ್ಥಿ. ದಿನಸಿ ತರಲು ಹೋಗಿ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತಿದ್ದನಂತೆ.